ಹಿಂಗಾರಿ ಕಡಲೆ: ಒಳ್ಳೆಯ ಬಿತ್ತನೆ ಬೀಜ ಆರಿಸೋದು ಹೆಂಗ?



ಹೆಸರು ಕಿತ್ತು ರಾಶಿ ಮುಗಿಸಿದ ಎರಿ ಹೊಲ ಈಗ ಖಾಲಿ ಬಿದ್ದಿರುತ್ತವೆ. ಹಸ್ತಿ, ಚಿತ್ತಿ ಮಳೆ ಒಂದು ಹದ ಕೊಟ್ಟರೆ ಸಾಕು, ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಕೂರಿಗೆ ಹೊಲಕ್ಕೆ ಇಳಿಯುತ್ತವೆ. ಆ ನಾಲ್ಕೈದು ದಿನದ ಗಡಿಬಿಡಿಯಲ್ಲಿ ವಾಟ್ಸಾಪ್ ಗುಂಪಿನಾಗ ಒಂದೇ ಪ್ರಶ್ನೆ ಓಡಾಡುತ್ತದೆ: "ಕಡ್ಲಿ ಬೀಜ ಯಾವುದು ಚಲೋ? ಎಲ್ಲಿ ಸಿಗ್ತದ?" ಹದ ಹೋಗಿಬಿಡುತ್ತದೆ ಅನ್ನೋ ಅವಸರಕ್ಕೆ ಸಿಕ್ಕ ಬೀಜ ತಂದು ಹಾಕೋದೇ ಹೆಚ್ಚು. ಅದಕ್ಕಾಗಿ ಈ ವಾರದ ಪಾಠ ಬೀಜದ ಆಯ್ಕೆ. ಮಳೆಗೆ ಮೊದಲೇ ಓದಿ ಇಟ್ಟುಕೊಳ್ಳಿ.

ಗೊಬ್ಬರ ಕಡಿಮೆ ಬಿದ್ದರೆ ಆ ವರ್ಷದ ಇಳುವರಿ ತಗ್ಗುತ್ತದೆ, ಮುಂದಿನ ವರ್ಷ ಸರಿ ಮಾಡಬಹುದು. ಬೀಜದ ವಿಷಯ ಹಾಗಲ್ಲ. ಕಡಲೆಯ ನೆಟೆ ರೋಗ (ಸೊರಗು ರೋಗ) ತರುವ ಫ್ಯುಸೇರಿಯಂ ಶಿಲೀಂಧ್ರ ಬೀಜದ ಜೊತೆಗೂ ಬರುತ್ತದೆ, ಮಣ್ಣಿನಲ್ಲೂ ಉಳಿಯುತ್ತದೆ. ಒಮ್ಮೆ ಹೊಲ ಸೇರಿತು ಅಂದರೆ, ನೀವು ಕಡಲೆ ಬಿತ್ತದಿದ್ದರೂ 6 ವರ್ಷದವರೆಗೆ ಮಣ್ಣಿನಲ್ಲಿ ಬದುಕಿರಬಲ್ಲದು. ಗಿಡ ಸೊರಗಲು ಶುರುವಾದ ಮೇಲೆ ಅದನ್ನು ಉಳಿಸುವ ಔಷಧಿ ಯಾವುದೂ ಇಲ್ಲ, ರಾಸಾಯನಿಕದಲ್ಲೂ ಇಲ್ಲ, ಸಾವಯವದಲ್ಲೂ ಇಲ್ಲ. ಅಂದರೆ ಒಂದು ಕೆಟ್ಟ ಚೀಲದಿಂದ ಹೊಲದ ಆರು ವರ್ಷದ ಲೆಕ್ಕ ತಪ್ಪಬಹುದು.

ನಮ್ಮೂರ ಹೆಸರಿನ ತಳಿ

ಕಡಲೆ ತಳಿಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಒಂದು ಊರಿನ ಹೆಸರು ದೇಶಕ್ಕೆಲ್ಲ ಗೊತ್ತು. ಅದೇ ಅಣ್ಣಿಗೇರಿ-1, ರೈತರ ಬಾಯಲ್ಲಿ ಎ-1. ಇಲ್ಲಿಯ ಸ್ಥಳೀಯ ಕಡಲೆಯಿಂದಲೇ ಆರಿಸಿ ತೆಗೆದ ಈ ತಳಿ 1978ರಲ್ಲಿ ಬಿಡುಗಡೆಯಾಯಿತು. ಸುಮಾರು 95–100 ದಿನದ ಬೆಳೆ. ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಕಾಯಿ ತುಂಬಿಸಿಕೊಳ್ಳುವ ಗುಣದಿಂದ ಕರ್ನಾಟಕದ ಎರಿ ಭೂಮಿಯಲ್ಲಿ ದಶಕಗಟ್ಟಲೆ ನಿಂತಿತು.

ಇದರ ಒಂದೇ ದೊಡ್ಡ ಕೊರತೆ ನೆಟೆ ರೋಗ. ಅದೇ ಹೊಲಕ್ಕೆ ಪ್ರತಿ ವರ್ಷ ಕಡಲೆ ಬಿತ್ತುತ್ತಾ ಹೋದಂತೆ ರೋಗ ಹೆಚ್ಚಿತು, ಎ-1 ತಡೆಯಲಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ ಸೇರಿ ಇದಕ್ಕೆ ದಾರಿ ಹುಡುಕಿದವು. ರೋಗ ತಡೆಯುವ ಡಬ್ಲ್ಯೂಆರ್ 315 ಅನ್ನೋ ಕಡಲೆಯ ಗುಣವನ್ನು ಅಣ್ಣಿಗೇರಿ-1ಕ್ಕೆ ಸೇರಿಸಿ, ಮತ್ತೆ ಮತ್ತೆ ಅಣ್ಣಿಗೇರಿ-1ರ ಜೊತೆಗೇ ಸಂಕರ ಮಾಡಿ ಹಳೆಯ ತಳಿಯ ಗುಣ ಉಳಿಸಿಕೊಂಡರು. ರೋಗ ನಿರೋಧಕ ಗುಣ ಯಾವ ಗಿಡಕ್ಕೆ ಬಂದಿದೆ ಅನ್ನೋದನ್ನು ಡಿಎನ್‌ಎ ಗುರುತು ನೋಡಿ ಆರಿಸಿದರು. ಇದು ಬಿಟಿ ಥರದ ಕುಲಾಂತರಿ ಅಲ್ಲ, ಕಡಲೆಗೆ ಕಡಲೆಯನ್ನೇ ಸಂಕರ ಮಾಡಿದ್ದು. 2019ರಲ್ಲಿ ಬಂದ ಈ ತಳಿಯೇ ಸೂಪರ್ ಅಣ್ಣಿಗೇರಿ-1. ಪ್ರಯೋಗಗಳಲ್ಲಿ ಮೂಲ ತಳಿಗಿಂತ ಸುಮಾರು ಶೇ 7ರಷ್ಟು ಹೆಚ್ಚು ಇಳುವರಿ ಕೊಟ್ಟಿದೆ. ಶೇ 7 ಅಂದರೆ ಬಹಳ ಅನ್ನಿಸಲಿಕ್ಕಿಲ್ಲ. ಆದರೆ ನೆಟೆ ಇರುವ ಹೊಲದಲ್ಲಿ ಗಿಡ ನಿಲ್ಲೋದೇ ದೊಡ್ಡ ಲಾಭ.

ಯಾವ ಹೊಲಕ್ಕೆ ಯಾವ ತಳಿ?

"ಎಲ್ಲಕ್ಕಿಂತ ಚಲೋ ತಳಿ" ಅಂತ ಒಂದು ಇರೋದಿಲ್ಲ. ನಿಮ್ಮ ಹೊಲದ ಕಥೆ ನೋಡಿ ಆರಿಸಬೇಕು.

• ಹಿಂದಿನ ವರ್ಷಗಳಲ್ಲಿ ನೆಟೆ ಕಂಡ ಹೊಲ: ಸೂಪರ್ ಅಣ್ಣಿಗೇರಿ-1 ಇಲ್ಲವೇ ಜೆಜಿ-11. ಜೆಜಿ-11 ಜಬಲ್ಪುರದ ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸೇರಿ 1999ರಲ್ಲಿ ಹೊರತಂದ ತಳಿ. ನೆಟೆ ತಡೆಯುತ್ತದೆ, ಕಾಳು ಎ-1ಕ್ಕಿಂತ ಸ್ವಲ್ಪ ದಪ್ಪ.

• ರೋಗ ಕಾಣದ, ಬೆಳೆ ಬದಲಿಸುತ್ತಾ ಬಂದ ಹೊಲ: ಎ-1 ಇನ್ನೂ ನಡೆಯುತ್ತದೆ. ಬೀಜ ಮಾತ್ರ ಶುದ್ಧ ಇರಲಿ.

• ಮಾರುಕಟ್ಟೆಯಲ್ಲಿ ದಪ್ಪ ಕಾಳಿಗೆ ಬೇಡಿಕೆ ಇದ್ದರೆ: ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬಿಜಿಡಿ-103. ಕಾಳು ದಪ್ಪ ಇರೋದರಿಂದ ಎಕರೆಗೆ ಬೀಜದ ತೂಕ ಹೆಚ್ಚು ಬೇಕು.

• ಕಟಾವಿಗೆ ಆಳು ಸಿಗದೆ ಯಂತ್ರ ಬಿಡೋ ವಿಚಾರ ಇದ್ದರೆ: ಎತ್ತರ ಬೆಳೆಯುವ, ನೆಲದಿಂದ ಮೇಲೆ ಕಾಯಿ ಕಟ್ಟುವ ಎನ್‌ಬಿಇಜಿ-47 ಥರದ ತಳಿ. ಎ-1, ಜೆಜಿ-11 ಗಿಡ್ಡ ಹರಡುವ ಗಿಡಗಳು, ಯಂತ್ರ ಓಡಿಸಿದರೆ ಕೆಳಗಿನ ಕಾಯಿ ಹೊಲದಾಗೇ ಉಳಿಯುತ್ತವೆ.

• ಕಲಘಟಗಿ ಕಡೆ ಸೋಯಾ ಅಥವಾ ಭತ್ತದ ನಂತರ ಬಿತ್ತುವವರು: ತೇವ ಆರುವ ಮೊದಲು ಮುಗಿಯುವ ಬೇಗ ಬರುವ ತಳಿಯನ್ನೇ ನೋಡಿ. ನೀರು ನಿಲ್ಲೋ ಹೊಲಕ್ಕೆ ಯಾವ ತಳಿಯೂ ಬ್ಯಾಡ.

ಒಂದು ಎಚ್ಚರ. "ರೋಗ ನಿರೋಧಕ" ಅಂದರೆ ಎಲ್ಲ ರೋಗಕ್ಕೂ ಅಲ್ಲ. ಈ ತಳಿಗಳು ತಡೆಯೋದು ಫ್ಯುಸೇರಿಯಂ ನೆಟೆಯನ್ನು. ಹೂವು-ಕಾಯಿ ಹೊತ್ತಿಗೆ ಬಿಸಿಲು ಏರಿ ನೆಲ ಒಣಗಿದಾಗ ಬರುವ ಒಣ ಬೇರು ಕೊಳೆ ಬೇರೆಯೇ. ಎರಡನ್ನೂ ಹೊಲದಲ್ಲೇ ಗುರುತಿಸಬಹುದು. ಸೊರಗಿದ ಗಿಡ ಕಿತ್ತು ಬುಡದ ಕಾಂಡ ಉದ್ದಕ್ಕೆ ಸೀಳಿ ನೋಡ್ರಿ. ಒಳಗೆ ಕಂದು-ಕಪ್ಪು ಗೆರೆ ಇದ್ದರೆ ನೆಟೆ. ಕಾಂಡದೊಳಗೆ ಗೆರೆ ಇಲ್ಲದೆ, ಬೇರು ಕಪ್ಪಾಗಿ ಒಣಗಿ, ಕಿತ್ತರೆ ಪಟಕ್ಕನೆ ಮುರಿದು ಉಪಬೇರು ಮಣ್ಣಿನಾಗೇ ಉಳಿದರೆ ಒಣ ಬೇರು ಕೊಳೆ. ಹೋದ ವರ್ಷದ ಗಿಡದ ಫೋಟೋ ಫೋನಿನಲ್ಲಿ ಇದ್ದರೆ ಈಗ ತೆಗೆದು ನೋಡಿ. ತಳಿ ಆರಿಸೋಕೆ ಅದೇ ಮೊದಲ ದಾಖಲೆ.

ಚೀಲ ಕೊಳ್ಳುವಾಗ ಚೀಟಿ ಓದಿ

ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಅಂಗಡಿಯಲ್ಲಾಗಲಿ ಚೀಲದ ಬಾಯಿಗೆ ಹೊಲಿದ ಚೀಟಿಯ ಬಣ್ಣ ಮೊದಲು ನೋಡಬೇಕು. ಹಳದಿ ಚೀಟಿ ತಳಿವರ್ಧಕ ಬೀಜ, ಬಿಳಿ ಚೀಟಿ ಮೂಲ ಬೀಜ, ನೀಲಿ ಚೀಟಿ ಪ್ರಮಾಣಿತ ಬೀಜ. ನಮ್ಮ ಬಿತ್ತನೆಗೆ ಸಾಮಾನ್ಯವಾಗಿ ಸಿಗೋದು ನೀಲಿ. ತಿಳಿ ಹಸಿರು ಚೀಟಿ ಇದ್ದರೆ ಅದು ನಿಜಚೀಟಿ ಬೀಜ, ಅಂದರೆ ಗುಣಮಟ್ಟಕ್ಕೆ ಮಾರುವ ಸಂಸ್ಥೆಯೇ ಹೊಣೆ, ಪ್ರಮಾಣನ ಸಂಸ್ಥೆ ಹೊಲಕ್ಕೆ ಬಂದು ನೋಡಿರೋದಿಲ್ಲ.

ಪ್ರಮಾಣಿತ ಕಡಲೆ ಬೀಜದಲ್ಲಿ ಇರಬೇಕಾದದ್ದು ಇಷ್ಟು: ಮೊಳಕೆ ಕನಿಷ್ಠ ಶೇ 85, ಭೌತಿಕ ಶುದ್ಧತೆ ಕನಿಷ್ಠ ಶೇ 98, ತೇವಾಂಶ ಶೇ 9ಕ್ಕಿಂತ ಹೆಚ್ಚಿಲ್ಲ. ಇವುಗಳ ಜೊತೆಗೆ ಚೀಟಿಯ ಮೇಲೆ ತಳಿಯ ಹೆಸರು, ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಎಲ್ಲಿಯವರೆಗೆ ಬಿತ್ತಬಹುದು ಅನ್ನೋದು ಇರುತ್ತದೆ. ಅವಧಿ ಮುಗಿದ ಚೀಲ ಅಗ್ಗ ಸಿಕ್ಕರೂ ಬ್ಯಾಡ್ರಿ.

ಫೋನ್ ಕೈಯಾಗ ಇದೆಯಲ್ಲ, ಅದನ್ನು ಬಳಸಿ. ಚೀಟಿಯ ಎರಡೂ ಬದಿ, ಚೀಲ, ಬಿಲ್ಲು ಮೂರರ ಫೋಟೋ ತೆಗೆದಿಟ್ಟುಕೊಳ್ಳಿ. ಕ್ಯೂಆರ್ ಗುರುತು ಇದ್ದರೆ ಅಲ್ಲೇ ಸ್ಕ್ಯಾನ್ ಮಾಡಿ, ತಳಿ ಮತ್ತು ಲಾಟ್ ಸಂಖ್ಯೆ ಹೊಂದುತ್ತವೆಯೇ ನೋಡಿ. ಬಿತ್ತಿದ ಮೇಲೆ ಚೀಟಿ ಮತ್ತು ಒಂದು ಹಿಡಿ ಬೀಜ ಪೊಟ್ಟಣ ಕಟ್ಟಿ ರಾಶಿಯವರೆಗೂ ಇಟ್ಟಿರಿ. ಮೊಳಕೆ ಬಾರದಿದ್ದರೆ, ತಳಿ ಬೇರೆ ಬಂದರೆ, ದೂರು ಕೊಡೋಕೆ ಇವೇ ಸಾಕ್ಷಿ. ದೂರನ್ನು ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ರಿ. 1966ರ ಬೀಜ ಕಾಯ್ದೆ ನಿಮ್ಮ ಪರ ಇದೆ, ಆದರೆ ಬಿಲ್ಲು ಇಲ್ಲದ ಬೀಜಕ್ಕೆ ಏನೂ ಮಾಡೋಕೆ ಬರೋದಿಲ್ಲ.

ಇನ್ನೊಂದು ಮಾತು: ಎಪಿಎಂಸಿಯಿಂದ ತಂದ ಕಾಳನ್ನು ಬೀಜ ಅಂತ ಬಿತ್ತಬೇಡಿ. ಅದರಲ್ಲಿ ಹತ್ತು ಊರಿನ ಕಾಳು ಕೂಡಿರುತ್ತದೆ. ಯಾರ ಹೊಲದಲ್ಲಿ ನೆಟೆ ಇತ್ತೋ ಯಾರಿಗೂ ಗೊತ್ತಿರೋದಿಲ್ಲ.

ಮನೆ ಬೀಜ ಇಡುವವರಿಗೆ

ಕಡಲೆ ತನ್ನ ಹೂವಿನಲ್ಲೇ ಪರಾಗ ಸೇರಿಸಿಕೊಳ್ಳುವ ಬೆಳೆ. ಹೈಬ್ರಿಡ್ ಮೆಣಸಿನಕಾಯಿ, ಗೋವಿನಜೋಳದ ಹಾಗೆ ಮುಂದಿನ ಪೀಳಿಗೆಯಲ್ಲಿ ಗುಣ ಒಡೆಯೋದಿಲ್ಲ. ಹಾಗಾಗಿ ಒಮ್ಮೆ ಒಳ್ಳೆ ಪ್ರಮಾಣಿತ ಬೀಜ ತಂದರೆ ಮೂರು-ನಾಲ್ಕು ವರ್ಷ ನಿಮ್ಮದೇ ಬೀಜ ಬಳಸಬಹುದು. ಸಾವಯವ ಮಾಡುವವರಿಗಂತೂ ಇದು ದೊಡ್ಡ ಅನುಕೂಲ. ಆದರೆ ಮನೆ ಬೀಜ ಅಂದರೆ ರಾಶಿಯಿಂದ ಒಂದು ಚೀಲ ತೆಗೆದಿಡೋದಲ್ಲ. ಬೀಜದ ಆಯ್ಕೆ ಶುರುವಾಗೋದು ಗಿಡ ನಿಂತಿರುವಾಗ.

1. ಹೊಲದ ಒಳಗೆ, ಬದುವಿನಿಂದ ಕನಿಷ್ಠ 5 ಮೀಟರ್ ದೂರ, ಚೆನ್ನಾಗಿ ಬೆಳೆದ ಕಡೆ ಬೀಜಕ್ಕೆ ಅಂತ ನಾಲ್ಕೈದು ಗುಂಟೆ ಗುರುತು ಹಾಕಿ. ಪಕ್ಕದ ಹೊಲದ ಬೇರೆ ತಳಿ ಕೂಡದಿರಲಿ.

2. ಹೂವಾದಾಗ ಒಮ್ಮೆ ಸಾಲು ಸಾಲಾಗಿ ನಡೆದು ನೋಡಿ. ಎ-1, ಜೆಜಿ-11 ಥರದ ದೇಸಿ ಕಡಲೆಯ ಹೂವು ಗುಲಾಬಿ. ನಡುವೆ ಬಿಳಿ ಹೂವಿನ ಗಿಡ ಕಂಡರೆ ಅದು ಕಾಬೂಲಿ ಬೆರಕೆ ಇರಬಹುದು, ಕಿತ್ತುಬಿಡಿ. ಎತ್ತರ, ಎಲೆಯ ಆಕಾರ ಬೇರೆ ಕಂಡ ಗಿಡಗಳನ್ನೂ ತೆಗೆಯಿರಿ.

3. ಸೊರಗಿದ ಗಿಡ ಕಂಡರೆ ಬೇರು ಸಮೇತ ಕಿತ್ತು ಹೊಲದಿಂದ ಹೊರಗೆ ಸುಟ್ಟುಹಾಕಿ. ಅದರ ಸುತ್ತಲಿನ ಗಿಡದಿಂದಲೂ ಬೀಜ ಬೇಡ. ಬಹಳ ಕಡೆ ಕಂಡರೆ ಆ ವರ್ಷ ಮನೆ ಬೀಜದ ಆಸೆ ಬಿಟ್ಟು ಪೂರ್ತಿ ಮಾರಾಟಕ್ಕೆ ಹಾಕಿ.

4. ಬೀಜದ ಪ್ಲಾಟು ಬೇರೆ ಕಿತ್ತು, ಬೇರೆ ಒಣಗಿಸಿ, ಕೋಲಿನಿಂದ ಬಡಿದು ರಾಶಿ ಮಾಡಿ. ಯಂತ್ರಕ್ಕೆ ಹಾಕಲೇಬೇಕಾದರೆ ಮೊದಲು ಯಂತ್ರದೊಳಗಿನ ಹಳೆ ಕಾಳು ಪೂರ್ತಿ ತೆಗೆಸಿ, ವೇಗ ತಗ್ಗಿಸಿ. ಸಿಪ್ಪೆ ಬಿರುಕು ಬಿಟ್ಟ ಕಾಳು ಕಣ್ಣಿಗೆ ಚೆನ್ನಾಗಿ ಕಂಡರೂ ಮೊಳಕೆ ಕೊಡೋದು ಕಡಿಮೆ.

ಕಣ್ಣು, ಹಲ್ಲು, ಗೋಣಿತಟ್ಟು: ಮೂರು ಪರೀಕ್ಷೆ

ಕೊಂಡ ಬೀಜವಾಗಲಿ, ಮನೆ ಬೀಜವಾಗಲಿ, ಈ ಮೂರನ್ನು ಮಾಡದೆ ಬಿತ್ತಬೇಡಿ.

ಕಣ್ಣಿನ ಪರೀಕ್ಷೆ: ಒಂದು ತಟ್ಟೆ ಬೀಜ ಬಿಸಿಲಿಗೆ ಹಿಡಿದು ನೋಡಿ. ಒಂದೇ ಬಣ್ಣ, ಒಂದೇ ಗಾತ್ರ, ತುಂಬಿದ ಕಾಳು ಇರಬೇಕು. ನೆಟೆ ಬಂದ ಗಿಡದ ಕಾಳು ಹಗುರ, ಒರಟು, ಮಂಕು ಬಣ್ಣದ್ದಿರುತ್ತದೆ. ಕಾಳಿನ ಮೇಲೆ ಬಿಳಿ ಚುಕ್ಕಿ ಅಂಟಿದ್ದರೆ ಅದು ನುಸಿಯ ಮೊಟ್ಟೆ. ದುಂಡನೆಯ ತೂತು ಇದ್ದರೆ ದುಂಬಿ ಆಗಲೇ ಹೊರಬಿದ್ದಿದೆ.

ಹಲ್ಲಿನ ಪರೀಕ್ಷೆ: ಔಷಧಿ ಹಾಕದ ಮನೆ ಬೀಜಕ್ಕೆ ಮಾತ್ರ. ಕಚ್ಚಿದರೆ 'ಕಟ್' ಅಂತ ಒಡೆಯಬೇಕು. ಹಲ್ಲಿಗೆ ಮೆತ್ತಗೆ ಅಂಟಿದರೆ ಇನ್ನೂ ಒಣಗಬೇಕು. ಬಣ್ಣ ಹಚ್ಚಿದ, ಔಷಧಿ ಉಪಚರಿಸಿದ ಬೀಜವನ್ನು ಬಾಯಿಗೆ ಇಡಲೇಬೇಡಿ, ದನಕ್ಕೂ ಹಾಕಬೇಡಿ.

ಗೋಣಿತಟ್ಟಿನ ಪರೀಕ್ಷೆ: ಚೀಲದ ಮೇಲೆ, ನಡುವೆ, ತಳ ಮೂರು ಕಡೆಯಿಂದ ಬೀಜ ತೆಗೆದು ಕೂಡಿಸಿ. ಆರಿಸದೆ 100 ಕಾಳು ಎಣಿಸಿ. ಒದ್ದೆ ಗೋಣಿತಟ್ಟಿನ ಮೇಲೆ ಹತ್ತರ ಸಾಲು ಮಾಡಿ ಇಟ್ಟು ಸುತ್ತಿ ನೆರಳಿನಲ್ಲಿ ಇಡಿ. ತಟ್ಟು ಒದ್ದೆ ಇರಲಿ, ನೀರು ಸೋರುವಷ್ಟು ಬೇಡ. 5ನೇ ದಿನ ಒಮ್ಮೆ, 8ನೇ ದಿನ ಒಮ್ಮೆ ಎಣಿಸಿ. ಬೇರು, ಕುಡಿ ಎರಡೂ ನೆಟ್ಟಗೆ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಬರೀ ಉಬ್ಬಿದ, ಬೂಸು ಹಿಡಿದ ಕಾಳು ಲೆಕ್ಕಕ್ಕೆ ಬರೋದಿಲ್ಲ. 85 ಮೇಲೆ ಬಂದರೆ ಉತ್ತಮ. 70ರಿಂದ 85 ಇದ್ದರೆ ಬೀಜದ ಪ್ರಮಾಣ ಏರಿಸಿ ಬಿತ್ತಬಹುದು. ಅದಕ್ಕಿಂತ ಕಡಿಮೆ ಬಂದರೆ ಬೇರೆ ಬೀಜ ಹುಡುಕೋದೇ ಸರಿ. ಪರೀಕ್ಷೆಗೆ 8 ದಿನ ಬೇಕು ಅನ್ನೋದು ನೆನಪಿರಲಿ, ಹದ ಬಂದ ಮೇಲೆ ಮಾಡೋಕೆ ಆಗೋದಿಲ್ಲ.

ಎಕರೆಗೆ ಎಷ್ಟು ಕೆಜಿ?

ಒಬ್ಬರು 20 ಅಂತಾರೆ, ಇನ್ನೊಬ್ಬರು 30 ಅಂತಾರೆ. ಇಬ್ಬರದೂ ಸರಿ ಇರಬಹುದು, ಯಾಕಂದರೆ ಸಾಲಿನ ಅಂತರ ಮತ್ತು ಕಾಳಿನ ಗಾತ್ರ ಬೇರೆ ಬೇರೆ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ನೀವೇ ಲೆಕ್ಕ ಹಾಕಿ.

ಸೂತ್ರ: ಎಕರೆಗೆ ಬೇಕಾದ ಗಿಡ × 100 ಕಾಳಿನ ತೂಕ (ಗ್ರಾಂ) ÷ 1000 ÷ ಮೊಳಕೆ ಪ್ರಮಾಣ = ಕೆಜಿ

ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಇದ್ದರೆ ಎಕರೆಗೆ ಸುಮಾರು 1,35,000 ಗಿಡ. ಸಾಲು 45 ಸೆಂ.ಮೀ. ಆದರೆ ಸುಮಾರು 90,000. 100 ಕಾಳು 20 ಗ್ರಾಂ ತೂಗಿ, ಮೊಳಕೆ 85 ಬಂದರೆ:

• 45 ಸೆಂ.ಮೀ. ಸಾಲಿಗೆ: 90,000 × 20 ÷ 1000 ÷ 85 = ಸುಮಾರು 21 ಕೆಜಿ
• 30 ಸೆಂ.ಮೀ. ಸಾಲಿಗೆ: 1,35,000 × 20 ÷ 1000 ÷ 85 = ಸುಮಾರು 32 ಕೆಜಿ

ಅದೇ 45 ಸೆಂ.ಮೀ. ಸಾಲಿಗೆ ಮೊಳಕೆ 70 ಇದ್ದರೆ 26 ಕೆಜಿ ಬೇಕು. 100 ಕಾಳಿನ ತೂಕಕ್ಕೆ ಸಣ್ಣ ಡಿಜಿಟಲ್ ತಕ್ಕಡಿ ಸಾಕು. 500 ಕಾಳು ತೂಗಿ 5ರಿಂದ ಭಾಗಿಸಿದರೆ ಲೆಕ್ಕ ಇನ್ನೂ ನಿಖರ.

ಸಾವಯವ ಬೀಜ ಅಂದರೆ ಯಾವುದು?

"ಸಾವಯವ ತಳಿ ಕೊಡ್ರಿ" ಅಂತ ಕೇಳುವವರು ಬಹಳ. ಸಾವಯವ ಅನ್ನೋದು ತಳಿಯ ಹೆಸರಲ್ಲ, ಬೆಳೆದ ರೀತಿ. ಎ-1 ಆಗಲಿ, ಸೂಪರ್ ಅಣ್ಣಿಗೇರಿ ಆಗಲಿ, ರಾಸಾಯನಿಕ ಇಲ್ಲದೆ ಬೆಳೆದು ಇಟ್ಟರೆ ಅದು ಸಾವಯವ ಬೀಜ. ಹಳೆಯ ತಳಿ ಅಂದ ಮಾತ್ರಕ್ಕೆ ಸಾವಯವ ಆಗೋದಿಲ್ಲ, ಹೊಸ ತಳಿ ಅಂದ ಮಾತ್ರಕ್ಕೆ ತಿರಸ್ಕರಿಸೋದೂ ಬೇಡ. ನಿಜ ಹೇಳಬೇಕೆಂದರೆ ಸಾವಯವ ಕೃಷಿಕನಿಗೇ ರೋಗ ನಿರೋಧಕ ತಳಿ ಹೆಚ್ಚು ಬೇಕು.

ಪ್ರಮಾಣಪತ್ರ ಮಾಡಿಸುವವರು ಗಮನಿಸಬೇಕಾದದ್ದು:

• ಸಾವಯವ ಬೀಜವೇ ಮೊದಲ ಆಯ್ಕೆ. ಸಿಗದಿದ್ದರೆ ರಾಸಾಯನಿಕ ಉಪಚಾರ ಮಾಡದ ಸಾಮಾನ್ಯ ಬೀಜ. ಅಂಗಡಿಯ ಚೀಲದಲ್ಲಿ ಬೀಜ ಗುಲಾಬಿ ಬಣ್ಣ ಇದ್ದರೆ ಶಿಲೀಂಧ್ರನಾಶಕ ಹಚ್ಚಿದ್ದು ಅಂತಲೇ ತಿಳಿಯಿರಿ. ಉಪಚಾರ ಮಾಡದ ಬೀಜ ಬೇಕು ಅಂತ ಮೊದಲೇ ಹೇಳಿ ಇಡಿಸಿಕೊಳ್ಳಿ.

• ರಾಷ್ಟ್ರೀಯ ಸಾವಯವ ಕಾರ್ಯಕ್ರಮದ (ಎನ್‌ಪಿಒಪಿ) ನಿಯಮದಲ್ಲಿ ಕಡಲೆಯಂಥ ವಾರ್ಷಿಕ ಬೆಳೆಗೆ ಬಿತ್ತನೆಗೆ ಮೊದಲು ಕನಿಷ್ಠ 2 ವರ್ಷದ ಪರಿವರ್ತನೆ ಅವಧಿ ಇದೆ. ಬೀಜದ ಬಿಲ್ಲು, ಚೀಟಿ ಕಡತದಲ್ಲಿ ಇರಬೇಕು.

• ಸಣ್ಣ ರೈತರು ಕನಿಷ್ಠ 5 ಜನ ಸೇರಿ ಪಿಜಿಎಸ್-ಇಂಡಿಯಾ ಗುಂಪು ಮಾಡಿಕೊಳ್ಳಬಹುದು. ಒಬ್ಬರ ಹೊಲ ಇನ್ನೊಬ್ಬರು ನೋಡುವ ಪದ್ಧತಿ ಇದು. ಬೀಜ ವಿನಿಮಯಕ್ಕೂ ಇದೇ ಗುಂಪು ಸಹಾಯ ಆಗುತ್ತದೆ, ಯಾಕಂದರೆ ಯಾರ ಹೊಲದ ಬೀಜ ಹೇಗಿತ್ತು ಅಂತ ಎಲ್ಲರೂ ಕಣ್ಣಾರೆ ನೋಡಿರುತ್ತೀರಿ.

ಬಿತ್ತುವ ದಿನದ ಉಪಚಾರ

ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ. ಆರಿಸಿದ ಬೆಲ್ಲದ ನೀರು ಸ್ವಲ್ಪ ಚಿಮುಕಿಸಿದರೆ ಅಂಟುತ್ತದೆ. ಕಡೆಯಲ್ಲಿ ರೈಜೋಬಿಯಂ ಹಚ್ಚಿ ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿ. ಇಲ್ಲಿ ಒಂದು ಸೂಕ್ಷ್ಮ ಇದೆ: ಹೆಸರಿಗೆ ಬರುವ ರೈಜೋಬಿಯಂ ಕಡಲೆಗೆ ಕೆಲಸ ಮಾಡೋದಿಲ್ಲ. ಪೊಟ್ಟಣದ ಮೇಲೆ 'ಕಡಲೆಗೆ' ಅಂತ ಬರೆದಿರಬೇಕು, ಅವಧಿ ಮುಗಿದಿರಬಾರದು. ಕೆಲಸ ಮಾಡಿತೋ ಇಲ್ಲವೋ ನೋಡೋಕೆ 35–40 ದಿನಕ್ಕೆ ಒಂದು ಗಿಡ ಮಣ್ಣು ಸಮೇತ ಎತ್ತಿ ಬೇರಿನ ಗಂಟು ಸೀಳಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಗಾಳಿಯ ಸಾರಜನಕ ಹಿಡಿಯೋ ಕೆಲಸ ನಡೆದಿದೆ.

ಬೀಜ ಚಲೋ ಇದ್ದರೆ ರೇಟೂ ಚಲೋ

2025-26ರ ಹಿಂಗಾರು ಮಾರಾಟ ಹಂಗಾಮಿಗೆ ಕೇಂದ್ರ ಸರ್ಕಾರ ಕಡಲೆಗೆ ಕ್ವಿಂಟಲ್‌ಗೆ ₹5,650 ಬೆಂಬಲ ಬೆಲೆ ಇಟ್ಟಿತ್ತು. ಆದರೆ ಖರೀದಿ ಕೇಂದ್ರದಲ್ಲಿ ಕಾಳು ನಿಗದಿತ ಸರಾಸರಿ ಗುಣಮಟ್ಟಕ್ಕೆ (ಎಫ್‌ಎಕ್ಯೂ) ಬಾರದಿದ್ದರೆ ಚೀಲ ವಾಪಸ್ ಬರುತ್ತದೆ. ಬೇಳೆ ಗಿರಣಿಯವರಿಗೂ, ಪುಠಾಣಿ ಹುರಿಯುವವರಿಗೂ ಒಂದೇ ಗಾತ್ರದ ಕಾಳು ಬೇಕು. ಗಾತ್ರ ಬೆರಕೆ ಇದ್ದರೆ ಸಣ್ಣದು ಸೀಯುತ್ತದೆ, ದೊಡ್ಡದು ಹಸಿ ಉಳಿಯುತ್ತದೆ. ಎರಡು-ಮೂರು ತಳಿ ಕೂಡಿದ ಬೀಜ ಬಿತ್ತಿದರೆ ಕಾಯಿ ಒಮ್ಮೆಲೇ ಬಲಿಯೋದಿಲ್ಲ, ಜೊಳ್ಳು ಮತ್ತು ಹಸಿರು ಕಾಳು ಹೆಚ್ಚುತ್ತದೆ. ಜರಡಿ ಹಿಡಿದು ಸರಿ ಮಾಡಬಹುದು, ಆದರೆ ಜರಡಿಯಲ್ಲಿ ಇಳಿದುಹೋದದ್ದು ನಿಮ್ಮದೇ ತೂಕ.

ಸಾವಯವ ಕಡಲೆ, ಬೇಳೆ, ಹಿಟ್ಟನ್ನು ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ನೇರ ಮಾರುವ ಯೋಚನೆ ಇದ್ದರೆ, ಸಣ್ಣ ಉತ್ಪಾದಕರ ನೇರ ಮಾರಾಟಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಪ್ರಮಾಣಪತ್ರದ ವಿನಾಯಿತಿ ಇದೆ. ಆದರೆ ಪ್ರಮಾಣಪತ್ರ ಇಲ್ಲದೆ 'ಜೈವಿಕ್ ಭಾರತ್' ಗುರುತು ಹಾಕುವಂತಿಲ್ಲ.

ಮುಂದಿನ ವರ್ಷದ ಬೀಜ ಉಳಿಸಿಕೊಳ್ಳೋದು

ರಾಶಿ ಆದ ಮೇಲೆ ಬೀಜದ ಕಾಳನ್ನು ತಾಡಪತ್ರಿಯ ಮೇಲೆ ತೆಳ್ಳಗೆ ಹರಡಿ ಒಣಗಿಸಿ. ಡಾಂಬರ್ ರಸ್ತೆಯ ಮೇಲೆ ಬೇಡ, ಆ ಕಾವಿಗೆ ಮೊಳಕೆ ಸಾಯುತ್ತದೆ. ಆರಿದ ಮೇಲೆ ಗಾಳಿಯಾಡದ ಚೀಲ ಅಥವಾ ಡಬ್ಬಿಯಲ್ಲಿ ತುಂಬಿ ಬಾಯಿ ಬಿಗಿಯಾಗಿ ಕಟ್ಟಿ. ಒಳಗಿನ ಗಾಳಿ ತೀರಿದರೆ ನುಸಿ ಬೆಳೆಯೋದಿಲ್ಲ. ಚೀಲ ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆ ಮೇಲಿಡಿ. ಹೊರಗೆ ತಳಿ, ಹೊಲ, ರಾಶಿ ಮಾಡಿದ ತಿಂಗಳು ಬರೆದ ಚೀಟಿ ಅಂಟಿಸಿ.

ಈ ವಾರ ಮಾಡಬೇಕಾದ್ದು

1. ಹೋದ ಮೂರು ವರ್ಷ ಆ ಹೊಲದಲ್ಲಿ ಏನು ಬೆಳೆದಿರಿ, ನೆಟೆ ಇತ್ತೋ ಇಲ್ಲವೋ ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ನೆಟೆ ಹೆಚ್ಚಿದ್ದ ಹೊಲಕ್ಕೆ ಈ ಸಲ ಬಿಳಿಜೋಳ ಅಥವಾ ಕುಸುಬಿ ಹಾಕೋದು ಜಾಣತನ.
2. ಮನೆ ಬೀಜ ಇದ್ದರೆ ಇವತ್ತೇ 100 ಕಾಳು ಗೋಣಿತಟ್ಟಿಗೆ ಹಾಕಿ.
3. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಯಾವ ತಳಿ ಬಂದಿದೆ, ಉಪಚಾರ ಮಾಡದ ಬೀಜ ಸಿಗುತ್ತದೆಯೇ ವಿಚಾರಿಸಿ.
4. ಕಡಲೆಯ ರೈಜೋಬಿಯಂ, ಟ್ರೈಕೋಡರ್ಮಾ ಈಗಲೇ ತಂದು ತಂಪು ಜಾಗದಲ್ಲಿ ಇಡಿ.

ಗೊಂದಲ ಇದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದವರು ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರಕ್ಕೋ, ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೋ ಹೋಗಿ ಕೇಳಬಹುದು. ಸೊರಗಿದ ಗಿಡ ಇದ್ದರೆ ಬೇರು ಸಮೇತ ಒಯ್ಯಿರಿ, ಬರೀ ಮಾತಿಗಿಂತ ಗಿಡ ನೋಡಿದರೆ ಅವರಿಗೂ ಹೇಳೋದು ಸುಲಭ.

ಚಿತ್ತಿ ಮಳೆ ಬರೋದರೊಳಗೆ ನಿಮ್ಮ ಬೀಜದ ಮೊಳಕೆ ಎಣಿಕೆ ಕೈಯಲ್ಲಿ ಇರಲಿ. ಬಿತ್ತನೆ ಚಲೋ ಆಗಲಿ.